ಗಿರಣಿ ಬೆಕ್ಕಿಗೆ ಹುಚ್ಚು ಹಿಡಿದಿರಲಿಲ್ಲ

ಬೆಕ್ಕನ್ನು ರಾಗಿ ಚೀಲಕ್ಕೆ ತುಂಬಿ, ಚೀಲದ ಬಾಯಿಗೆ ಬೈಂಡಿಂಗ್ ವೈರು ಬಿಗಿದು ತಂದಿದ್ದರು. ಮೇಜಿನ ಮೇಲಿಟ್ಟ ಚೀಲ ಹೊರಳಾಡುತ್ತಿತ್ತು. ಬೆಳಿಗ್ಗೆಯಿಂದ ಒಂದು ಮಂದೆ ಕುರಿಗೆ ಜಂತುಹುಳದ ಔಷಧಿ ಕುಡಿಸಿ, ಕರು ಹಾಕಿದ ಹಸುವೊಂದರ ಗರ್ಭದಲ್ಲೇ ಉಳಿದಿದ್ದ ಕಸ ತೆಗೆದು, ಆಗಷ್ಟೇ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದಿದ್ದೆ. ಮಧುಗಿರಿ ತಾಲ್ಲೂಕಿನಲ್ಲಿ ಹೋಬಳಿ ಮಟ್ಟದ ಪಶು ಆಸ್ಪತ್ರೆ ನನ್ನದು. ನಮ್ಮಲ್ಲಿಗೆ ಕುರಿ, ಮೇಕೆ, ಎಮ್ಮೆ, ಹಸು ಬರುತ್ತವೆ. ಬೆಕ್ಕು ಬರುವುದಿಲ್ಲ. ಬೆಕ್ಕಿಗೆ ಕಾಯಿಲೆಯಾದರೆ ಅದು ಎಲ್ಲೋ ಮೂಲೆಗೆ ಹೋಗಿ ಸಾಯುತ್ತದೆ, ಯಾರೂ ವಿಚಾರಿಸುವುದಿಲ್ಲ.

ಚೀಲ ಹಿಡಿದು ತಂದವರು ದೊಡ್ಡೇರಿ ಕಡೆಯ ಒಂದು ಹಳ್ಳಿಯ ಪಂಚಾಯಿತಿ ಸದಸ್ಯರು. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದರು, ಅದರ ಅಂಚಿನಲ್ಲಿ ಸುಣ್ಣ, ಅರಿಶಿನ ಕಾಣುತ್ತಿತ್ತು. ಅವರ ಹಿಂದೆ ಅದೇ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು ನಿಂತಿದ್ದರು. ಬೆಕ್ಕು ಆಕೆಯದು. ಆಕೆಯ ಸೀರೆ, ಹುಬ್ಬು, ಕಿವಿಯ ಅಂಚಿನ ಮೇಲೆಲ್ಲ ತೆಳ್ಳಗೆ ರಾಗಿ ಹಿಟ್ಟು ಕೂತಿತ್ತು.

"ಹುಚ್ಚು ಬೆಕ್ಕು ಮೇಡಂ. ಒಂದು ಸೂಜಿ ಹಾಕಿ ಮುಗ್ಸಿಬುಡಿ," ಎಂದರು ಸದಸ್ಯರು.

"ಇಲ್ಲಿವರೆಗೂ ಹೊತ್ಕೊಂಡು ಬಂದಿದೀರಿ. ಅಲ್ಲೇ ನೀವೇ ಮುಗಿಸಬಹುದಿತ್ತಲ್ಲ?"

"ಅಂಗಂದ್ರೆ ಹೆಂಗೆ ಮೇಡಂ? ಬೆಕ್ಕು ಕೊಂದ್ರೆ ಚಿನ್ನದ್ ಬೆಕ್ಕು ಮಾಡ್ಸಿ ದಾನ ಕೊಡ್ಬೇಕು. ನಿಮ್ಗಾದ್ರೆ ಡ್ಯೂಟಿ. ಪಾಪ ತಟ್ಟಾಕಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಊರಿನ ಪಾಪವನ್ನೆಲ್ಲ ಚೀಲದಲ್ಲಿ ತುಂಬಿ ತಂದು ಸುರಿಯುವುದಕ್ಕೆ ಸರ್ಕಾರ ನನ್ನನ್ನು ಅಲ್ಲಿ ಕೂರಿಸಿದೆಯೇ? ಮೊದಲು ಕೈಗೆ ಏನಾಗಿದೆ ತೋರಿಸಿ ಎಂದೆ. ಹಿಂದಿನ ದಿನ ಸಂಜೆ ಗಿರಣಿಯಲ್ಲಿ ರಾಗಿ ಡಬ್ಬ ಇಡಲು ಬಗ್ಗಿದಾಗ ಬೆಕ್ಕು ಎಗರಿ ಕಚ್ಚಿತ್ತು. ಹಲ್ಲಿನ ಗುರುತು ಆಳವಾಗಿತ್ತು. ಇವರು ಅದನ್ನು ತೊಳೆಯದೆ ಸುಣ್ಣ ಮೆತ್ತಿ ರಾತ್ರಿಯಿಡೀ ಮಲಗಿದ್ದರು. ನಲ್ಲಿ ಕೆಳಗೆ ನಿಲ್ಲಿಸಿ, ಗಡಿಯಾರ ನೋಡುತ್ತಾ ಹದಿನೈದು ನಿಮಿಷ ಸೋಪು ಹಾಕಿಸಿ ತೊಳೆಸಿದೆ. ಇಂದೇ ಮಧುಗಿರಿಗೆ ಹೋಗಿ ಹುಚ್ಚು ನಿರೋಧಕ ಚುಚ್ಚುಮದ್ದು ಹಾಕಿಸಿಕೊಳ್ಳಿ, ಒಂದು ಡೋಸ್ ತಪ್ಪಿಸಿದರೂ ನಿಮ್ಮ ಮನೆಗೇ ಬರುತ್ತೇನೆ ಎಂದು ಗದರಿಸಿದೆ.

ಆ ಹದಿನೈದು ನಿಮಿಷದಲ್ಲಿ ಗಿರಣಿಯ ಹೆಂಗಸು ಹತ್ತಿರ ಬಂದರು.

"ಡಾಕ್ಟ್ರಮ್ಮ, ಈ ಬೆಕ್ಕಿಗೆ, ನಮ್ ಚಿಕ್ಕಿಗೆ, ಹದಿನಾಲ್ಕು ವರ್ಸ. ಒಂದಿನಾನೂ ಯಾರಿಗೂ ಉಗುರು ತೋರ್ಸಿದ್ದಲ್ಲ. ನಮ್ಮ ಗಿರಣೀಗೆ ಹೊಸ ಮಿಷನ್ ಕೂರ್ಸಿದ ದಿನ ಬೂದುಗುಂಬಳಕಾಯಿ ಒಡೆದು ದೃಷ್ಟಿ ತೆಗ್ಸಿದ್ವಿ. ಆ ಹೋಳನ್ನ ಇವ್ಳು ದಾಟ್ಬುಟ್ಲು. ಅವತ್ತಿಂದ್ಲೇ ಕಣಮ್ಮ, ಅವತ್ತು ಸಂಜೆಯಿಂದ್ಲೇ..."

"ಕುಂಬಳಕಾಯಿ ಕಥೆ ನನ್ನ ಹತ್ರ ಬೇಡ," ಎಂದೆ. "ಏನು ಮಾಡುತ್ತೆ, ಅದಷ್ಟೇ ಹೇಳಿ."

ಹಸುವಿನ ಹಾಲು ಬತ್ತಿದರೆ ಪಕ್ಕದ ಮನೆಯವಳ ಕಣ್ಣು, ಕುರಿ ಸತ್ತರೆ ಅಮಾವಾಸ್ಯೆ, ಎಮ್ಮೆ ತಿಂಗಳು ತುಂಬದೆ ಕಂದು ಹಾಕಿದರೆ ಮಾಟ. ಇಂಥವನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಆಕೆ ಬಾಯಿ ಮುಚ್ಚಿಕೊಂಡರು. ಆಮೇಲೆ ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಗೋಡೆಗೆ ಮುಖ ಮಾಡಿ ನಿಂತು ಅರಚುತ್ತದೆ. ಪಕ್ಕದಲ್ಲಿ ಯಾರಾದರೂ ಕೈ ಚಾಚಿದರೆ ಎಗರುತ್ತದೆ. ಜನ ತಂದಿಟ್ಟ ರಾಗಿ ಬುಟ್ಟಿಯಲ್ಲೇ ಉಚ್ಚೆ ಹೊಯ್ಯುತ್ತದೆ. ರಿಜಿಸ್ಟರಿನಲ್ಲಿ ಕಾಯಿಲೆ ಶುರುವಾದದ್ದು ಎಂಬ ಕಡೆ 'ಸುಮಾರು ಹದಿನೈದು ದಿನ' ಎಂದು ಬರೆದೆ. ಯಾವ ದಿನ, ಅಂದು ಬೇರೇನು ನಡೆಯಿತು ಎಂದು ಕೇಳಲಿಲ್ಲ.

ಕಚ್ಚಿದ ಬೆಕ್ಕನ್ನು ಕೊಲ್ಲಬಾರದು, ಹತ್ತು ದಿನ ಕಣ್ಣಿಟ್ಟು ನೋಡಬೇಕು. ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದಕ್ಕೆ ಹುಚ್ಚಿರಲಿಲ್ಲ ಎಂದು ಅರ್ಥ. ಇದನ್ನು ವಿವರಿಸಿದ ಮೇಲೆ ಸದಸ್ಯರು ಒಂದು ಷರತ್ತು ಹಾಕಿದರು.

"ಹತ್ತು ದಿನ ನಿಮ್ಮತ್ರಾನೇ ಮಡಿಕ್ಕಳಿ. ವಾಪಸ್ ಬಂದ್ಮೇಲೂ ಇಂಗೇ ಆಡಿದ್ರೆ ಚೀಲಕ್ಕೆ ಹಾಕ್ಕಂಡು ಪಾವಗಡದಾಚೆ ಬಾರ್ಡರ್ ದಾಟ್ಸಿ ಬುಟ್ಟು ಬತ್ತೀನಿ. ಅಲ್ಲಿ ಅದ್ರ ಹಣೇಬರ. ಊರೆಲ್ಲ ಇವ್ರ ಗಿರಣೀಲೇ ಹಿಟ್ಟು ಬೀಸ್ಕಳದು."

ಕೊಂದರೆ ಪಾಪ, ಗೊತ್ತಿಲ್ಲದ ಊರಿನ ಹೊಲದಲ್ಲಿ ಬಿಟ್ಟರೆ ಪಾಪವಿಲ್ಲ. ಹದಿನಾಲ್ಕು ವರ್ಷದ ಬೆಕ್ಕು ಅಲ್ಲಿ ಎರಡು ದಿನ ಬಾಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಗಿರಣಿಯ ಹೆಂಗಸು ನನ್ನ ಮುಖ ನೋಡಿದರು.

ಬೆಕ್ಕನ್ನು ಇಡಲು ನಮ್ಮ ಆಸ್ಪತ್ರೆಯಲ್ಲಿ ಬೋನಿರಲಿಲ್ಲ. ಸಹಾಯಕ ಹೋಗಿ ಕೋಳಿ ಫಾರಂನಿಂದ ಒಂದು ಕ್ರೇಟು ತಂದ. ವೆಲ್ಡಿಂಗ್ ಕೈಗವಸು ಹಾಕಿಕೊಂಡು ಚೀಲದ ಬಾಯನ್ನು ಕ್ರೇಟಿನೊಳಗೆ ಬಿಚ್ಚಿದ. ಬೂದು ಬಣ್ಣದ, ಬೆನ್ನು ಮೂಳೆ ಎದ್ದು ಕಾಣುವ, ಒಂದು ಕಿವಿ ಹರಿದ ಹೆಣ್ಣು ಬೆಕ್ಕು ಹೊರಬಂದು ಮೂಲೆಯಲ್ಲಿ ಮುದುರಿ ಕೂತಿತು. ಕ್ರೇಟನ್ನು ಉಗ್ರಾಣದಲ್ಲಿ, ಹೋರಿಯ ವೀರ್ಯ ಇಡುವ ನೈಟ್ರೋಜನ್ ಕ್ಯಾನಿನ ಪಕ್ಕದಲ್ಲಿಟ್ಟೆವು. ಆ ಕೋಣೆಗೆ ಕಿಟಕಿಯಿಲ್ಲ, ಇರುವ ಬಲ್ಬು ಮಂಕು.

ದಿನಕ್ಕೆ ಎರಡು ಸಲ ನೋಡಿ ಹಾಳೆಯಲ್ಲಿ ಗುರುತು ಹಾಕುತ್ತಿದ್ದೆ. ತಿನ್ನುತ್ತಿದೆ. ಜೊಲ್ಲಿಲ್ಲ. ಕೆಳದವಡೆ ಜೋತು ಬಿದ್ದಿಲ್ಲ. ಹಿಂಗಾಲು ಎಳೆಯುತ್ತಿಲ್ಲ. ನೀರು ಕುಡಿಯುತ್ತಿದೆ. ಈ ಕೊನೆಯದನ್ನು ಬರೆಯುವಾಗ ನನಗೆ ಖುಷಿಯೇ ಆಗುತ್ತಿತ್ತು, ನುಂಗುವುದಕ್ಕೆ ತೊಂದರೆಯಿಲ್ಲವಲ್ಲ ಎಂದು.

"ಬಟ್ಟಲು ತುಂಬ್ಸಿ ತುಂಬ್ಸಿ ಸಾಕಾಯ್ತು ಮೇಡಂ. ಕುರಿಮರಿಗಿಂತ ಜಾಸ್ತಿ ಕುಡೀತದೆ," ಎಂದ ಸಹಾಯಕ.

"ಕುಡೀಲಿ ಬಿಡಿ, ಒಳ್ಳೇದೇ," ಎಂದೆ.

ಒಳ್ಳೇದೇ ಎಂದ ಆ ಬಾಯಿಗೆ ಈಗ ಏನು ಹೇಳಲಿ? ಮುದಿ ಬೆಕ್ಕು ಬಟ್ಟಲುಗಟ್ಟಲೆ ನೀರು ಕುಡಿದು, ಕ್ರೇಟು ಒದ್ದೆ ಮಾಡುತ್ತಿದೆ ಎಂದರೆ ಅದರ ಮೂತ್ರಪಿಂಡ ಸೋಲುತ್ತಿದೆ ಎಂಬ ಅನುಮಾನ ಮೊದಲು ಬರಬೇಕಿತ್ತು. ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ನಾನು ಹುಡುಕುತ್ತಿದ್ದುದು ಹುಚ್ಚನ್ನು ಮಾತ್ರ. ಹುಚ್ಚಿಲ್ಲ ಎಂದು ತೋರಿಸುವ ಯಾವ ಲಕ್ಷಣ ಸಿಕ್ಕರೂ ಅದು ನನಗೆ ಆರೋಗ್ಯದ ಲಕ್ಷಣವಾಗಿ ಕಂಡಿತು. ಕಣ್ಣಿನ ಪಾಪೆ ಅಗಲವಾಗಿ ಕಪ್ಪಗಿದ್ದುದನ್ನು ಕೂಡ ನೋಡಿದ್ದೆ. ಕತ್ತಲೆ ಕೋಣೆ, ಬೆಕ್ಕಿನ ಕಣ್ಣು ಹಾಗೇ ಇರುತ್ತದೆ ಅಂದುಕೊಂಡೆ. ಬ್ಯಾಟರಿ ಟಾರ್ಚು ಐದು ಹೆಜ್ಜೆ ದೂರದ ಮೊಳೆಯಲ್ಲಿ ನೇತಾಡುತ್ತಿತ್ತು.

ಏಳನೆಯ ದಿನ ಬಾಯಿ ತೆರೆಸಿ ನೋಡಿದಾಗ ಒಂದು ದವಡೆ ಹಲ್ಲು ಮುರಿದಿತ್ತು, ಸುತ್ತ ಒಸಡು ಕೆಂಪಾಗಿತ್ತು. ಸಿಕ್ಕಿತು ಅಂದುಕೊಂಡೆ. ಹಲ್ಲು ನೋವಿಗೆ ಸಿಟ್ಟು, ಸಿಟ್ಟಿಗೆ ಕಚ್ಚುವುದು. ದನಕ್ಕೆ ಕೊಡುವ ನೋವಿನ ಇಂಜೆಕ್ಷನ್ನನ್ನೇ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ ಎರಡು ದಿನ ಕೊಟ್ಟೆ. ಎರಡನೆಯ ದಿನ ಬೆಕ್ಕು ವಾಂತಿ ಮಾಡಿಕೊಂಡು ಮೀನಿನ ತುಂಡಿಗೂ ಮೂಗು ತಿರುಗಿಸಿತು. ಸಿರಾದಲ್ಲಿ ನಾಯಿ, ಬೆಕ್ಕು ಹೆಚ್ಚಾಗಿ ನೋಡುವ ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ. ಅವರಿಗೆ ಫೋನ್ ಮಾಡಿದೆ.

"ಅರೆ, ಅಷ್ಟು ವಯಸ್ಸಾದ ಬೆಕ್ಕಿಗೆ ಕಿಡ್ನಿ ನೋಡದೆ ಅದನ್ನ ಯಾಕ್ರೀ ಹಾಕಿದ್ರಿ?" ಎಂದು ಅವರು ಬೈದರು. "ನಿಲ್ಸಿ ಮೊದ್ಲು. ರಕ್ತ ಪರೀಕ್ಷೆ ಮಾಡ್ಸಿ."

ನಿಲ್ಲಿಸಿದೆ. ಗ್ಲೂಕೋಸ್ ಹಾಕಿದೆ, ಬೆಕ್ಕು ಮತ್ತೆ ತಿನ್ನತೊಡಗಿತು. ರಕ್ತ ಪರೀಕ್ಷೆಯನ್ನು ನಾಳೆ ಮಾಡಿಸಿದರಾಯಿತು ಎಂದು ಮುಂದಕ್ಕೆ ಹಾಕಿದೆ, ಅಷ್ಟರಲ್ಲಿ ಕಾಲುಬಾಯಿ ರೋಗದ ಲಸಿಕೆ ಅಭಿಯಾನ ಶುರುವಾಯಿತು. ಇದು ನೆಪ ಎಂದು ನನಗೆ ಗೊತ್ತು. ಹತ್ತು ದಿನ ತುಂಬಿತು, ಹುಚ್ಚಿಲ್ಲ ಎಂದು ಬರೆದು ಸಹಿ ಹಾಕಿ, ಗಿರಣಿಯ ಹೆಂಗಸಿಗೆ ಬೆಕ್ಕನ್ನು ಒಪ್ಪಿಸಿದೆ. ಆಕೆ ಅದನ್ನು ಸೆರಗಿನೊಳಗೆ ಸುತ್ತಿಕೊಂಡು ಬಸ್ಸು ಹತ್ತಿದರು.

ಮೂರನೆಯ ದಿನ ಮಧ್ಯಾಹ್ನ ಆಕೆಯ ಫೋನ್ ಬಂತು. ಹಿಂದೆ ಜನರ ಗಲಾಟೆ ಕೇಳಿಸುತ್ತಿತ್ತು.

"ಡಾಕ್ಟ್ರಮ್ಮ, ಇವತ್ತು ನನ್ನೇ ಪರಚಿಬುಟ್ಲು. ಮೆಂಬರ್ರು ಚೀಲ ತಂದವ್ರೆ. ಪಾವಗಡದ ಬಸ್ಸಿಗೆ ಹೋಯ್ತೀನಿ ಅಂತವ್ರೆ. ನೀವು ಬರಂಗಿದ್ರೆ ಈಗ್ಲೇ ಬನ್ನಿ."

ಲಸಿಕೆಯ ಡಬ್ಬವನ್ನು ಸಹಾಯಕನ ಕೈಗೆ ಕೊಟ್ಟು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಎಲ್ಲರನ್ನೂ ಬೈದುಕೊಂಡೆ. ಚೀಲ ಹಿಡಿದ ಸದಸ್ಯರನ್ನು, ಪರಚಿದ ಬೆಕ್ಕನ್ನು, ಒಂದು ಬೆಕ್ಕನ್ನು ಸಂಭಾಳಿಸಲಾಗದ ಆ ಹೆಂಗಸನ್ನು ಕೂಡ. ನನ್ನ ಸರದಿ ಇನ್ನೂ ಬಂದಿರಲಿಲ್ಲ.

ನಾನು ಆ ಗಿರಣಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಉದ್ದನೆಯ ಶೀಟಿನ ಕೋಣೆ. ಎಡಗೋಡೆಗೆ ಹೊಸ ಮಿಷನ್, ಹಸಿರು ಬಣ್ಣ ಇನ್ನೂ ಮಾಸಿರಲಿಲ್ಲ. ಬಾಗಿಲ ಪಕ್ಕ ಸಾಲಾಗಿ ರಾಗಿ ಡಬ್ಬ, ಬುಟ್ಟಿ. ಮಿಷನ್ ಓಡುತ್ತಿತ್ತು, ಕಿವಿಗೆ ಬೇರೇನೂ ಬೀಳುತ್ತಿರಲಿಲ್ಲ. ಬೆಕ್ಕು ಖಾಲಿ ಚೀಲಗಳ ರಾಶಿಯ ಮೇಲೆ ರೋಮ ನಿಮಿರಿಸಿ ಕೂತಿತ್ತು. ಸದಸ್ಯರು ನನ್ನ ಹತ್ತಿರ ಬಂದು ಏನೋ ಕೂಗಿದರು, ನಾನೂ ಏನೋ ಕೂಗಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಮಿಷನ್ ನಿಧಾನವಾಗಿ ನಿಂತಿತು.

ಸದ್ದು ಅಡಗಿದ ಮೇಲೆ ಬೆಕ್ಕು ಚೀಲದ ರಾಶಿಯಿಂದ ಇಳಿಯಿತು. ಕೋಣೆಯ ಬಲಗಡೆಗೆ ಸಲೀಸಾಗಿ ನಡೆಯಿತು. ಅಲ್ಲಿ ಬರೀ ನೆಲ, ಒಂದು ಕಡ್ಡಿಯೂ ಇರಲಿಲ್ಲ. ನಡುವೆ ಬಂದಾಗ ಬೆಕ್ಕು ತಟ್ಟನೆ ಪಕ್ಕಕ್ಕೆ ಹೊರಳಿ, ಅರ್ಧ ಸುತ್ತು ಹಾಕಿ, ಮತ್ತೆ ನೇರವಾಗಿ ಹೋಯಿತು. ಆ ಗೋಡೆಯ ಬುಡದಲ್ಲಿ ನಿಂತು ತಲೆ ಎತ್ತಿ ಮೇಲಕ್ಕೆ ಹಾರಿತು. ಹಾರಿದ ಎತ್ತರದಲ್ಲಿ ಹಿಡಿಯಲು ಏನೂ ಇರಲಿಲ್ಲ. ಕೆಳಗೆ ಬಿದ್ದು, ಗೋಡೆಗೆ ಮುಖ ಮಾಡಿ ಅರಚತೊಡಗಿತು.

ನಾನು ಹೋಗಿ ಅದು ಸುತ್ತು ಹಾಕಿದ ಜಾಗವನ್ನು ನೋಡಿದೆ. ನೆಲದಲ್ಲಿ ಚೌಕಾಕಾರದ ಹೊಸ ಸಿಮೆಂಟಿನ ತೇಪೆಯಿತ್ತು.

"ಇಲ್ಲೇನಿತ್ತು?"

"ಹಳೇ ಮಿಷನ್ ಕಣಮ್ಮ," ಎಂದರು ಗಿರಣಿಯ ಹೆಂಗಸು. "ಆ ಗೋಡೇಲಿ ಹಲಗೆ ಇತ್ತು, ಇವ್ಳು ಅಲ್ಲೇ ಮಲಗ್ತಿದ್ದಿದ್ದು. ಮಿಷನ್ ಎತ್ತಿದಾಗ ಅದನ್ನೂ ಕಿತ್ತಾಕುದ್ವಿ."

"ರಾಗಿ ಬುಟ್ಟಿ ಇಟ್ಟಿದೀರಲ್ಲ, ಆ ಜಾಗದಲ್ಲಿ?"

"ಅಲ್ಲಿ ಮರಳಿನ ಗುಡ್ಡೆ ಇತ್ತು. ಇವ್ಳು ಉಚ್ಚೆ ಹೊಯ್ಯಾಕೆ ಕೂತ್ಕತಿದ್ದದ್ದು ಅಲ್ಲೇ."

"ಇದೆಲ್ಲ ಬದಲಾಗಿದ್ದು ಯಾವತ್ತು?"

"ಅವತ್ತೇ. ಕುಂಬಳಕಾಯಿ ಒಡೆದ ದಿನ," ಎಂದರು.

ಫೋನಿನ ಟಾರ್ಚ್ ಹಾಕಿ ಬೆಕ್ಕಿನ ಕಣ್ಣಿಗೆ ಹಿಡಿದೆ. ಪಾಪೆ ಕಿರಿದಾಗಲಿಲ್ಲ. ಇನ್ನೊಂದು ಕಣ್ಣಿಗೆ ಹಿಡಿದೆ, ಅದೂ ಹಾಗೆಯೇ. ಕಣ್ಣ ಮುಂದೆ ಬೆರಳಾಡಿಸಿದೆ, ರೆಪ್ಪೆ ಮಿಟುಕಲಿಲ್ಲ. ಹತ್ತಿಯ ತುಣುಕೊಂದನ್ನು ಸದ್ದಿಲ್ಲದೆ ಎದುರಿಗೇ ಬೀಳಿಸಿದೆ, ತಿರುಗಿಯೂ ನೋಡಲಿಲ್ಲ. ಬೆಕ್ಕಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ.

ಕಣ್ಣು ಹೋಗಿದ್ದು ಯಾವಾಗಲೋ ಗೊತ್ತಿಲ್ಲ, ಮಿಷನ್ ಬದಲಾಗುವ ಮೊದಲೇ ಇರಬೇಕು. ಹದಿನಾಲ್ಕು ವರ್ಷ ಓಡಾಡಿದ ಗಿರಣಿಯ ಒಂದೊಂದು ಅಂಗುಲವೂ ಅದರ ತಲೆಯಲ್ಲಿತ್ತು, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಒಂದೇ ದಿನದಲ್ಲಿ ಅದರ ಹಲಗೆ, ಅದರ ಮರಳು, ಅದರ ದಾರಿ ಎಲ್ಲವೂ ಇಲ್ಲವಾಗಿದ್ದವು. ಮಿಷನ್ ಓಡುವಾಗ ಕಿವಿಯೂ ಕೆಲಸಕ್ಕೆ ಬರುವುದಿಲ್ಲ. ಅಂಥ ಹೊತ್ತಲ್ಲಿ ಎಲ್ಲಿಂದಲೋ ಒಂದು ಕೈ ಬಂದು ಮೈಗೆ ತಗುಲಿದರೆ ಯಾವ ಪ್ರಾಣಿ ಕಚ್ಚುವುದಿಲ್ಲ? ಊರಿನವರು ಕಾರಣವನ್ನು ತಪ್ಪು ಹೇಳಿದ್ದರು, ದಿನವನ್ನು ಸರಿಯಾಗಿ ಹೇಳಿದ್ದರು. ನಾನು ಕುಂಬಳಕಾಯಿಯ ಮೇಲಿನ ಸಿಟ್ಟಿಗೆ ದಿನವನ್ನೂ ಎಸೆದಿದ್ದೆ. ಅಲ್ಲಿ ನಿಂತಾಗ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಆ ಇಡೀ ತಿಂಗಳಲ್ಲಿ ಇನ್ಯಾರ ಮೇಲೂ ಬಂದಿರಲಿಲ್ಲ.

"ಕಣ್ಣು ಕಾಣಲ್ಲ, ಸರಿ. ಅದ್ಕೇ?" ಎಂದರು ಸದಸ್ಯರು. ಚೀಲ ಇನ್ನೂ ಅವರ ಕೈಯಲ್ಲಿತ್ತು. "ಕಚ್ಚದು ಕಚ್ಚದೇ ಅಲ್ವಾ ಮೇಡಂ?"

"ಚೀಲ ಕೆಳಗಿಡಿ," ಎಂದೆ. "ಕಣ್ಣಿಲ್ಲದ್ದನ್ನ ಬಾರ್ಡರ್ ದಾಟಿಸಿ ಬಿಟ್ಟು ಬಂದು, ಪಾಪ ಇಲ್ಲ ಅಂತ ಮನೇಲಿ ಮಲಗ್ತೀರಾ? ಸೂಜಿ ಹಾಕಿ ಕೊಲ್ಲೋದು ಇದಕ್ಕಿಂತ ವಾಸಿ."

ನಾನು ಇನ್ನೂ ಹೇಳುವುದಿತ್ತು. ಅಷ್ಟರಲ್ಲಿ ಗಿರಣಿಯ ಹೆಂಗಸು ಬಂದು ಸದಸ್ಯರ ಕೈಯಿಂದ ಚೀಲವನ್ನು ತೆಗೆದುಕೊಂಡು, ಕೊಡವಿ, ಮಡಚಿ ತನ್ನ ಖಾಲಿ ಚೀಲಗಳ ರಾಶಿಗೆ ಹಾಕಿದರು.

"ನಂದೇ ಚೀಲ ಇದು," ಎಂದರು. "ಅಣ್ಣಾ, ಇವ್ಳು ಇಲ್ಲೇ ಇರ್ತಾಳೆ. ಬೀಸ್ಕಂಡೋಗಾಕೆ ಬರದಾದ್ರೆ ಬಾ. ಡಬ್ಬ ನಾನು ಬಾಗ್ಲಲ್ಲೇ ಈಸ್ಕತೀನಿ, ನೀನು ಒಳೀಕೆ ಕೈ ಇಕ್ಕದೇ ಬ್ಯಾಡ. ಬರಾಕಾಗಲ್ಲ ಅಂದ್ರೆ ಬೇರೆ ಊರ್ಗೆ ಹೋಗು."

ಸದಸ್ಯರು ಗೊಣಗುತ್ತಾ ಹೊರಟರು. ರಾಗಿ ಡಬ್ಬವನ್ನು ಮಾತ್ರ ಸಾಲಿನಲ್ಲೇ ಬಿಟ್ಟಿದ್ದರು.

ಆ ಸಂಜೆಯೇ ಬೆಕ್ಕಿನ ರಕ್ತ ತೆಗೆದು ಮಧುಗಿರಿಯ ಒಂದು ಲ್ಯಾಬಿಗೆ ಒಯ್ದೆ. ಅದು ಮನುಷ್ಯರ ಲ್ಯಾಬು, ಬೆಕ್ಕಿನ ರಕ್ತ ಎಂದಾಗ ಅಲ್ಲಿನ ಹುಡುಗಿ ಮುಖ ಕಿವುಚಿದಳು. ವಯಸ್ಸಿನ ಕಡೆ ಹದಿನಾಲ್ಕು ಎಂದು ಬರೆದುಕೊಂಡಳು. ಕ್ರಿಯಾಟಿನಿನ್ ಏರಿತ್ತು. ಮೂತ್ರಪಿಂಡ ಸೋತಾಗ ರಕ್ತದೊತ್ತಡ ಏರುತ್ತದೆ, ಏರಿದ ಒತ್ತಡಕ್ಕೆ ಕಣ್ಣಿನ ಹಿಂಪರದೆ ಕಿತ್ತು ಬರುತ್ತದೆ. ಮುಂದಿನ ಭಾನುವಾರ ಸಿರಾದ ಸಹೋದ್ಯೋಗಿ ತಮ್ಮ ಉಪಕರಣ ಹಿಡಿದು ಗಿರಣಿಗೇ ಬಂದರು. ಒತ್ತಡ ಅಳೆದರು, ಕಣ್ಣೊಳಗೆ ನೋಡಿದರು, ಹೌದು ಎಂದು ತಲೆಯಾಡಿಸಿದರು. ನಮ್ಮ ನಿಮ್ಮ ಮನೆಯ ಹಿರಿಯರು ನುಂಗುವ ಬಿ.ಪಿ. ಮಾತ್ರೆಯನ್ನೇ ಅವರು ಹೇಳಿದಷ್ಟು ಚಿಕ್ಕ ಚೂರು ಮಾಡಿ ಶುರು ಮಾಡಿದೆವು. ಹಲಗೆಯನ್ನು ಅದೇ ಗೋಡೆಗೆ, ಅದೇ ಎತ್ತರಕ್ಕೆ ಮತ್ತೆ ಹೊಡೆಸಿದೆವು. ಮರಳನ್ನು ಹಳೆಯ ಮೂಲೆಗೆ ಸುರಿದು, ಬುಟ್ಟಿಗಳನ್ನು ಆಚೆ ಸರಿಸಿದೆವು. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು, ಮಿಷನ್ ಓಡುವಾಗ ಯಾರೂ ಮುಟ್ಟಲೇಬಾರದು ಎಂದು ಬಂದವರಿಗೆಲ್ಲ ಹೇಳಿದೆವು. ವಾರದೊಳಗೆ ಅರಚಾಟ ಕಡಿಮೆಯಾಯಿತು. ಆಮೇಲೆ ಯಾರನ್ನೂ ಕಚ್ಚಲಿಲ್ಲ.

ಸಹೋದ್ಯೋಗಿಯನ್ನು ಬಸ್ಸಿಗೆ ಹತ್ತಿಸುವಾಗ ಕೇಳಿದ್ದೆ, ಮೊದಲೇ ಗೊತ್ತಾಗಿದ್ದರೆ? "ಬೇಗ ಮಾತ್ರೆ ಶುರುವಾದ್ರೆ ಕೆಲವಕ್ಕೆ ಸ್ವಲ್ಪ ನೋಟ ವಾಪಸ್ ಬರುತ್ತೆ. ಇದಕ್ಕೆ ಬರ್ತಿತ್ತೋ ಇಲ್ವೋ, ಹೇಳೋಕಾಗಲ್ಲ," ಎಂದಿದ್ದರು.

ಇದನ್ನು ಗಿರಣಿಯ ಹೆಂಗಸಿಗೆ ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ಐದನೆಯ ದಿನ ಮಾತ್ರೆ ಕೊಡಲು ಹೋದಾಗ ಹೇಳಿಬಿಟ್ಟೆ. ಹತ್ತು ದಿನ ನನ್ನ ಬಳಿಯೇ ಇತ್ತು, ಕಣ್ಣಿಗೆ ಬೆಳಕು ಬಿಟ್ಟು ನೋಡಲಿಲ್ಲ, ನೋಡಿದ್ದರೆ ಏನಾದರೂ ಆಗುತ್ತಿತ್ತೇನೋ ಎಂದೆ. ಆಕೆ ಒಂದು ಡಬ್ಬದ ರಾಗಿಯನ್ನು ಮಿಷನ್ನಿನ ಬಾಯಿಗೆ ಸುರಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಅವತ್ತು ನಾನು ಹೇಳಾಕ್ ಬಂದೆ," ಎಂದರು. "ಯಾವ ದಿನ ಅಂತಾನೂ ಹೇಳಿದ್ದೆ. ನೀವು ಬಾಯಿ ಮುಚ್ಚಿಸ್ಬುಟ್ರಿ."

"ಹೌದು," ಎಂದೆ.

"ಮಾತ್ರೆ ಎಷ್ಟು ದಿನ?"

"ಇರೋವರೆಗೂ."

"ಅಂಗಾದ್ರೆ ತಂದು ಕೊಡ್ತಾ ಇರಿ."

ನಾನು ಇನ್ನೊಂದು ಮಾತು ಹೇಳಲು ಬಾಯಿ ತೆರೆದೆ. ಆಕೆ ಮಿಷನ್ನಿನ ಸ್ವಿಚ್ ಒತ್ತಿದರು.